ಮೋಡ ಉದುರಿಸುವ ಪುಡಿ

ವಿಜ್ಞಾನಿ ಅನಸೂಯಾ ಮಠಪತಿಗೆ ಇನ್ನೊಂದು ಚಳಿಗಾಲ ಇರಲಿಲ್ಲ. ಅವಳ ಯೋಜನೆ 2061ರ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಮೊದಲು ಒಂದೇ ಬಲೂನು ಹಾರಿಸಿ ನೋಡೋಣ ಎಂದ ಸಹೋದ್ಯೋಗಿಗಳ ಮಾತನ್ನು ತಳ್ಳಿಹಾಕಿ, ಆಗಸ್ಟಿನ ಒಂದು ಮಧ್ಯಾಹ್ನ ಅಂಟಾರ್ಕ್ಟಿಕಾದ ಆಕಾಶಕ್ಕೆ ನಲವತ್ತು ಬಲೂನು ಏರಿಸಿ ಪುಡಿ ಚೆಲ್ಲಿಸಿದಳು.

ಅಲ್ಲಿ ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ಚಳಿಗೆ, ನೀರು ಮತ್ತು ನೈಟ್ರಿಕ್ ಆಮ್ಲ ಸೇರಿ ತೆಳು ಮೋಡ ಕಟ್ಟುತ್ತದೆ. ನಮ್ಮ ಹಳೆಯ ಫ್ರಿಜ್ಜುಗಳಿಂದ ಹೊರಟ ಕ್ಲೋರಿನ್ ಆ ಹನಿಗಳ ಮೈಮೇಲೆ ಬಿಡುಗಡೆಯಾಗಿ, ಬಿಸಿಲು ಬಿದ್ದೊಡನೆ, ಕಣ್ಣು-ಚರ್ಮ ಸುಡುವ ಸೂರ್ಯಕಿರಣಗಳನ್ನು ತಡೆಯುವ ಓಝೋನನ್ನು ತಿನ್ನುತ್ತದೆ. ಅನಸೂಯಾಳ ಪುಡಿ ಹನಿಗಳನ್ನು ಹೆಪ್ಪುಗಟ್ಟಿಸಿ, ದಪ್ಪ ಹರಳಾಗಿಸಿ ಉದುರಿಸುತ್ತಿತ್ತು.

ಮೂರನೇ ದಿನ ಪರದೆಯಲ್ಲಿ ಮೋಡ ಇರಲಿಲ್ಲ. ಸಂಶೋಧನಾ ಕೇಂದ್ರದ ಅಡುಗೆಯವ, ಅವಳ ಗದಗ ಜಿಲ್ಲೆಯವನೇ ಆದ ಇಮಾಮಸಾಬ, ಶಿರಾ ಮಾಡಿ ತಂದ.

"ಅಕ್ಕಾರ, ಮುಗಿಲಿಗೇ ಕಸಬರಿಗಿ ಹಾಕೀರಿ. ನಮ್ಮ ಮನಿಗೂ ಒಮ್ಮೆ ಬಂದು ಜ್ಯಾಡರ ಬಲಿ ತಗೀರಿ."

"ಪುಡಿ ಖಾಲಿ ಆಗೇತಿ, ಇಮಾಮಣ್ಣ."

ಒಂದು ವಾರದ ಬಳಿಕ ಅವನು ಕಾಗದದ ಪಟ್ಟಿಯೊಂದನ್ನು ಹಿಡಿದು ಬಂದ. ಹಿಮ ಕರಗಿಸಿ ಕುಡಿಯುವ ಕೇಂದ್ರ ಅದು. ದಿನವೂ ನೀರಿಗೆ ಪಟ್ಟಿ ಅದ್ದಿ ನೋಡುವುದು ಅಡುಗೆಯವನ ಕೆಲಸ. ಪಟ್ಟಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ನೈಟ್ರೇಟ್ ತೋರಸಾಕತ್ತೇತಿ. ಹೊಸಾ ಹಿಮದಾಗ ಅಷ್ಟ. ಡಬ್ಬಿ ಕೆಟ್ಟೇತೇನಂತ ಬ್ಯಾರೇದು ಒಡದೆ, ಅದೂ ಹಂಗ."

ಅನಸೂಯಾ ಕೈಗೆ ಸಿಕ್ಕ ಕುರ್ಚಿ ಎಳೆದು ಕೂತಳು. ಹರಳುಗಳು ಸ್ವಲ್ಪ ಕೆಳಗಿಳಿದು ಆವಿಯಾಗುತ್ತವೆ, ಆಮ್ಲ ಮೇಲೆಯೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ. ಅವು ಆಮ್ಲವನ್ನೂ ಹೊತ್ತು ನೆಲಕ್ಕೇ ಬಂದಿದ್ದವು. ಜೂನ್, ಜುಲೈನ ಮೋಡಗಳು ಬಿಡಿಸಿದ್ದ ಕ್ಲೋರಿನ್ ಮಾತ್ರ ಅಲ್ಲೇ ಇತ್ತು. ಬಿಸಿಲು ಬಂದಾಗ ಅದನ್ನು ಮತ್ತೆ ಕಟ್ಟಿಹಾಕಬೇಕಾದದ್ದು ಆ ಆಮ್ಲದಿಂದ ಹುಟ್ಟುವ ಅನಿಲ.

"ನೀರು ಕುಡೀಬಹುದಲ್ರಿ?"

"ಕುಡೀಬಹುದು."

"ಮತ್ಯಾಕ ಹಿಂಗ ಕುಂತ್ರಿ?"

"ಪೊಲೀಸರನ್ನ ಕೆಳಗ ಇಳಿಸೀನಿ, ಇಮಾಮಣ್ಣ. ಕಳ್ಳರು ಮ್ಯಾಲೇ ಅದಾರ."

"ತಿರುಗಿ ಏರಸ್ರಿ."

"ಏರಂಗಿಲ್ಲ."

ಅಕ್ಟೋಬರಿನ ಹೊತ್ತಿಗೆ ಕೇಂದ್ರದ ಮೇಲಿನ ಓಝೋನ್ ಇನ್ನೂರ ಅರವತ್ತು ಡಾಬ್ಸನ್ ಮಾನದಿಂದ ನಲವತ್ತೊಂದಕ್ಕೆ ಇಳಿಯಿತು. ಡಿಸೆಂಬರಿನಲ್ಲಿ ಆ ಬರಿದಾದ ಗಾಳಿಯ ಒಂದು ತುಂಡು ದಕ್ಷಿಣ ಅಮೆರಿಕದ ತುದಿಯ ಮೀನುಗಾರರ ಊರುಗಳ ಮೇಲೆ ಸರಿದು ಒಂಬತ್ತು ದಿನ ನಿಂತಿತು. ಎಚ್ಚರಿಕೆ ತಲುಪುವಷ್ಟರಲ್ಲಿ ದೋಣಿಗಳು ಕಡಲಿಗೆ ಇಳಿದಿದ್ದವು.

ಆಸ್ಪತ್ರೆಯ ವರದಿಯನ್ನು ಅನಸೂಯಾ ನಿಂತೇ ಓದಿದಳು. ಹದಿನೇಳು ಜನ. ಕುರುಡಾದ ಕಣ್ಣು ಮೂವತ್ತೊಂದು.