ಮೂತ್ರದಲ್ಲಿ ಇಲ್ಲದ ಸಕ್ಕರೆ

"ಸಕ್ಕರೆ ಆರುನೂರ ತೊಂಬತ್ತು? ಇದು ರಕ್ತವೋ, ಶರಬತ್ತೋ?"

ಲ್ಯಾಬಿನ ಹಿರಿಯಕ್ಕ ವರದಿಯನ್ನು ಮತ್ತೊಮ್ಮೆ ಓದಿದಳು. ಡೆಂಗಿ ವಾರ್ಡಿನ ದರ್ಜಿಯದ್ದು. ಜ್ವರಕ್ಕೆ ಐದನೇ ದಿನ. ಸಕ್ಕರೆ ಕಾಯಿಲೆ ಅವನ ಹತ್ತಿರವೂ ಸುಳಿದಿರಲಿಲ್ಲ.

ಅಷ್ಟರಲ್ಲಿ ಡ್ಯೂಟಿ ಡಾಕ್ಟರ ಫೋನು. ಅವರು ವರದಿಯನ್ನು ಕಂಪ್ಯೂಟರಿನಲ್ಲಿ ಆಗಲೇ ನೋಡಿಬಿಟ್ಟಿದ್ದರು. "ಇನ್ಸುಲಿನ್ ಕೊಡಿಸ್ತಿದ್ದೀನಿ. ಡ್ರಿಪ್ಪೂ ನಿಲ್ಲಿಸ್ತೀನಿ. ರಕ್ತದ ಗಟ್ಟಿತನ ನಲವತ್ತೊಂಬತ್ತರಿಂದ ನಲವತ್ತೈದಕ್ಕೆ ಇಳಿದಿದೆ, ಸುಧಾರಿಸ್ತಿದ್ದಾನೆ."

"ಹತ್ತು ನಿಮಿಷ ತಡೀರಿ ಡಾಕ್ಟ್ರೇ."

"ಯಾಕೆ, ನಿಮ್ಮ ಮಷೀನು ಕೆಟ್ಟಿದೆಯಾ?"

ಹಾಳಾದ್ದು, ಏನೇ ಎಡವಟ್ಟಾದರೂ ಎಲ್ಲರೂ ಮೊದಲು ಬೈಯೋದು ಮಷೀನನ್ನೇ! ಸಕ್ಕರೆ ಎಷ್ಟೆಂದು ಮೊದಲೇ ಗೊತ್ತಿರುವ ಮಾದರಿ ಹಾಕಿ ನೋಡಿದಳು — ಮಷೀನು ಸರಿಯಾಗಿತ್ತು. ಸೀಸೆ ಅದಲುಬದಲಾಯಿತೇ? ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯವರು ಒಬ್ಬರೂ ಇಲ್ಲ. ಮತ್ತೆ ಯಾರ ಕಿತಾಪತಿ?

ರಕ್ತದ ಜೊತೆಗೇ ಬಂದಿದ್ದ ದರ್ಜಿಯ ಮೂತ್ರದ ವರದಿ ಮೇಜಿನ ಮೂಲೆಯಲ್ಲಿತ್ತು. ಅದನ್ನು ಓದುವ ಪುಣ್ಯಾತ್ಮರು ಯಾರೂ ಇರಲಿಲ್ಲ. ಸ್ವಲ್ಪ ಪ್ರೋಟೀನ್ — ಡೆಂಗಿಯಲ್ಲಿ ಕಾಣುವಂಥದ್ದೇ. ಸಕ್ಕರೆ — ಇಲ್ಲ.

ಅವಳು ಮಂಡಿನೋವನ್ನು ಶಪಿಸುತ್ತಾ ಮೆಟ್ಟಿಲು ಹತ್ತಿದಳು.

ನರ್ಸು ಸಿರಿಂಜು ಹಿಡಿದು ದರ್ಜಿಯ ಮಂಚದ ಪಕ್ಕದಲ್ಲಿದ್ದಳು, ಡಾಕ್ಟರು ಅವಳ ಹಿಂದೆ.

"ಅದನ್ನ ಕೆಳಗಿಡಮ್ಮ. ರಕ್ತ ಯಾವ ಕೈಯಿಂದ ತೆಗೆದೆ?"

"ಎಡಗೈ."

"ಡ್ರಿಪ್ ಇರೋದೂ ಎಡಗೈಗೇ. ರಕ್ತ ತೆಗೆಯೋ ಮುಂಚೆ ಅದನ್ನ ನಿಲ್ಲಿಸಿದ್ಯಾ?"

"ಇಲ್ಲ... ಡ್ರಿಪ್ಪಿನ ಸೂಜಿಗಿಂತ ಮೇಲೆ, ಮೊಣಕೈ ಹತ್ರ ತೆಗೆದೆ."

"ಅದಕ್ಕೇನೀಗ?" ಡಾಕ್ಟರು ಸಿಡುಕಿದರು.

"ಡ್ರಿಪ್ಪಲ್ಲಿರೋದು ಗ್ಲೂಕೋಸ್! ಅದೇ ಹರಿದು ಬಂದು ಸೀಸೆ ಸೇರಿದೆ. ರಕ್ತ ತೆಳುವಾಗಿ, ಗಟ್ಟಿತನ ಇಳಿದ ಹಾಗೆ ಕಂಡಿದೆ. ಮೈಯಲ್ಲಿ ನಿಜಕ್ಕೂ ಅಷ್ಟು ಸಕ್ಕರೆ ಇದ್ದಿದ್ರೆ ಮೂತ್ರಕ್ಕೆ ಬರದೇ ಇರ್ತಿತ್ತಾ? ಅಲ್ಲಿ ಚೂರೂ ಇಲ್ಲ. ಒಂದು ಕಾಗದ ಓದೋಕೆ ಅಷ್ಟು ಕಷ್ಟವಾ ಡಾಕ್ಟ್ರೇ?"

ಅವಳು ಬಲಗೈ ಹಿಡಿದಳು. ದರ್ಜಿ ಕೈ ಎಳೆದುಕೊಂಡ.

"ಬೇಡಕ್ಕ. ಕತ್ತರಿ ಹಿಡಿಯೋ ಕೈ. ಅದಕ್ಕೇ ಸಿಸ್ಟರಿಗೂ ಬೇಡ ಅಂದೆ. ಬೆಳಿಗ್ಗೆ ನೀವು ನಾಲ್ಕು ಸಲ ಚುಚ್ಚಿದ್ರಲ್ಲ, ನೋಡಿ."

ಮೊಣಕೈಯಿಂದ ಕೆಳಗೆ ಅಂಗೈಯಗಲ ಕಪ್ಪಗೆ ಕಂದಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ನಲವತ್ತೊಂದು ಸಾವಿರಕ್ಕೆ ಇಳಿದವನ ಕೈ. ಆ ಲೆಕ್ಕ ಬರೆದವಳೂ ಅವಳೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಒಂದೇ ಸಲ ಕಣಪ್ಪ. ತಪ್ಪಿದ್ರೆ ಬಿಟ್ಟುಬಿಡ್ತೀನಿ." ಅಂಗೈ ಹಿಂಬದಿಯಲ್ಲಿ ಸಣ್ಣ ಸೂಜಿ. ಒಂದೇ ಸಲಕ್ಕೆ ಸಿಕ್ಕಿತು.

ಸ್ವಲ್ಪ ಹೊತ್ತಿಗೆ ಹೊಸ ಲೆಕ್ಕ ಬಂತು. ಸಕ್ಕರೆ ನೂರ ನಾಲ್ಕು. ಗಟ್ಟಿತನ ಇಳಿದಿರಲಿಲ್ಲ, ಏರಿತ್ತು — ಐವತ್ತೊಂದು. ರಕ್ತನಾಳದಿಂದ ನೀರು ಇನ್ನೂ ಸೋರಿ ರಕ್ತ ಗಟ್ಟಿಯಾಗುತ್ತಲೇ ಇತ್ತು.

ಡಾಕ್ಟರ ಮುಖ ಬಿಳಿಚಿಕೊಂಡಿತು. ಡ್ರಿಪ್ ನಿಲ್ಲಿಸಿ, ಮೇಲೆ ಇನ್ಸುಲಿನ್ನನ್ನೂ ಕೊಟ್ಟಿದ್ದರೆ? ಅವರು ತಾವೇ ಹೋಗಿ ಡ್ರಿಪ್ಪಿನ ವೇಗ ಹೆಚ್ಚಿಸಿದರು. ಆಮೇಲೆ ವಾರ್ಡಿನ ತಪ್ಪುಗಳನ್ನು ಬರೆದಿಡುವ ಪುಸ್ತಕ ತೆರೆದು ನರ್ಸಿನ ಕಡೆ ತಿರುಗಿದರು. ಅವಳ ಕಣ್ಣು ತುಂಬಿತ್ತು.

"ರಕ್ತ ತೆಗೆದವಳು ಇವಳು," ಎಂದಳು ಹಿರಿಯಕ್ಕ. "ಬಲಗೈ ಕೆಡಿಸಿ ಇವಳನ್ನ ಎಡಗೈಗೆ ಅಟ್ಟಿದವಳು ನಾನು. ಬರೀರಿ — ನನ್ನ ಹೆಸರು ಮೊದಲು."