ಹೂಮಳೆ ಕಾಣದ ಸಾಲು

ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಶ್ರೀಮಂಗಲದ ಕಾಫಿತೋಟಗಳೆಲ್ಲ ಹೂವಿನಿಂದ ಬೆಳ್ಳಗಾಗಿದ್ದವು. ಮಿಲನ್‌ನ ತೋಟದ ಒಂದು ಸಾಲು ಮಾತ್ರ ಹಸಿರಾಗಿಯೇ ಉಳಿದಿತ್ತು.

ಸಂಶೋಧಕಿ ಸುಮಿತಾ ಆ ಸಾಲಿನಲ್ಲೇ ಮಂಡಿಯೂರಿ ಗಿಡದ ಬುಡ ಕೆದಕುತ್ತಿದ್ದಳು. ಜೋಳದ ಪಿಷ್ಟದ ತೆಳು ಪೊರೆಯಲ್ಲಿ ಗೊಬ್ಬರ ತುಂಬಿದ ಪುಟ್ಟ ಪೊಟ್ಟಣಗಳನ್ನು ಚಳಿಗಾಲದಲ್ಲಿ ಅವಳೇ ಇಲ್ಲಿ ಹೂತಿದ್ದಳು. ಪೊರೆ ನಿಧಾನವಾಗಿ ಮಣ್ಣಲ್ಲಿ ಕರಗಬೇಕು, ಗೊಬ್ಬರ ಚೂರುಚೂರೇ ಬೇರಿಗೆ ಸಿಗಬೇಕು. ಅದನ್ನು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದಳು. ಪೂರ್ತಿ ಕರಗಿದ ದಿನ ಟ್ರಯಲ್ ಮುಗಿಯಿತು ಎಂದು ಮೊದಲೇ ಹೇಳಿದ್ದಳು.

ಮಿಲನ್ ಆ ಮಾತನ್ನು ಮರೆತಿರಲಿಲ್ಲ.

"ಗೋಣಿಕೊಪ್ಪಲಿನ ತೋಟದಲ್ಲಿ ಅರ್ಧ ಕರಗಿದೆ. ಇಲ್ಲಿ ನೋಡಿ, ಹಾಕಿದ ಹಾಗೇ ಇದೆ." ಅವಳು ಪೊಟ್ಟಣವನ್ನು ಅವನ ಮುಂದೆ ಹಿಡಿದಳು. "ನಿಮ್ಮ ತೋಟಕ್ಕೆ ಮಳೆನೇ ಬರ್ಲಿಲ್ವಾ?"

ಅವನು ಅವಳ ಬೆರಳಿಗೆ ಅಂಟಿದ ಮಣ್ಣನ್ನೇ ನೋಡಿದ.

ಕಣದಿಂದ ಅವನ ತಾಯಿ ತಂಗಮ್ಮ ಕೂಗಿದರು. "ಅವನನ್ನೇನು ಕೇಳ್ತೀಯಮ್ಮಾ? ಒಣಗೋಕೆ ಹಾಕಿದ ಮೆಣಸು ನೆನೀತಾ ಇದ್ರೆ ಇವನು ಟಾರ್ಪಾಲ್ ಹೊತ್ಕೊಂಡು ಹೋಗಿ ಆ ಸಾಲಿಗೆ ಹೊದಿಸಿದ! ಪ್ಲಾಂಟರ್ ಅಂತೆ, ಪ್ಲಾಂಟರ್!"

ಸುಮಿತಾ ಹೂವಿಲ್ಲದ ಗಿಡಗಳನ್ನು ನೋಡಿದಳು. ಕಾಫಿ ಬೆಳೆಯುವವರು ವರ್ಷವಿಡೀ ಕಾಯುವ ಮಳೆ ಅದು.

"ಯಾಕೆ?"

"ಕರಗಿಬಿಟ್ರೆ ನೀವು ಬರಲ್ಲ ಅಂತ."

ಪಕ್ಕದ ಸಾಲಿನಲ್ಲಿ ಜೇನುಹುಳುಗಳ ಸದ್ದು. ಸುಮಿತಾ ಎದ್ದು ಮಂಡಿಯ ಮಣ್ಣು ಕೊಡವಿದಳು.

"ಈ ಸಾಲನ್ನ ಟ್ರಯಲ್‌ನಿಂದ ತೆಗೀಬೇಕಾಗುತ್ತೆ," ಎಂದಳು. "ಇನ್ನು ಇಲ್ಲಿ ನಂಗೆ ಕೆಲಸವಿಲ್ಲ."

ಅವನು ತಲೆಯಾಡಿಸಿದ. ಉಳಿಸಿಕೊಳ್ಳಲು ಹೋಗಿ ಬೇಗನೇ ಕಳೆದುಕೊಂಡಿದ್ದ.

ಅವಳು ಪೊಟ್ಟಣ ಹಿಡಿದು ಜೀಪಿನವರೆಗೆ ಹೋದಳು. ನಿಂತಳು. ಮತ್ತೆ ಹಿಂದೆ ಬಂದು, ಮನೆಯ ಮೆಟ್ಟಿಲ ಬದಿಯ ಕಿತ್ತಳೆ ಸಸಿಯ ಬುಡದಲ್ಲಿ ಅದನ್ನು ಹೂತು ಅಂಗೈಯಿಂದ ಮಣ್ಣು ತಟ್ಟಿದಳು.

"ಇದಕ್ಕೆ ಏನೂ ಮುಚ್ಚಬೇಡಿ."

"ಕರಗಿಹೋಗುತ್ತೆ."

"ಹೋಗ್ಲಿ. ಪೂರ್ತಿ ಕರಗಿದ ಮೇಲೆ ಕೊಡ್ಲಿಪೇಟೆಗೆ, ನಮ್ಮನೆಗೆ ಬಂದು ಹೇಳಿ. ಭಾನುವಾರ ಅಪ್ಪ ಮನೇಲೇ ಇರ್ತಾರೆ." ಕಣ್ಣೆತ್ತದೆ ನಕ್ಕಳು. "ಕೊಡದಲ್ಲಿ ನೀರು ಸುರಿಯೋ ಹಾಗಿಲ್ಲ. ಮಳೆಗೇ ಕರಗಬೇಕು."

ಜೀಪು ತಿರುವು ದಾಟಿತು.

ಸಂಜೆ ಮೋಡ ಕವಿಯಿತು. ಮಿಲನ್ ಮೆಣಸಿಗೆ ಟಾರ್ಪಾಲ್ ಹೊದಿಸಿ ಅಂಚಿಗೆ ಕಲ್ಲಿಟ್ಟ. ಆಮೇಲೆ ಕಿತ್ತಳೆ ಸಸಿಯ ಪಕ್ಕ ಬಂದು ಮುಖವೆತ್ತಿ ನಿಂತ.

"ಒಳಗೆ ಬಾರೋ, ನೆನೀತೀಯ!" ತಂಗಮ್ಮ ಕರೆದರು.

ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.