ಎರಡು ಕತ್ತರಿ

ಸೋಮವಾರ ಬೆಳಿಗ್ಗೆ 9.40ಕ್ಕೆ ಒಬ್ಬ ಟೈಲರ್ ತನ್ನ ಹೆಂಡತಿಯನ್ನು ಕರೆದುಕೊಂಡು ಠಾಣೆಗೆ ಬಂದ. ಭಾನುವಾರ ಮುಚ್ಚಿದ್ದ ಅಂಗಡಿಯ ಬೀಗವನ್ನು ಯಾರೋ ಒಡೆದು, ಆಸ್ಪತ್ರೆಯವರು ಬಟ್ಟೆ ಕೊಟ್ಟು ಹೆಂಡತಿಯ ಕೈಲಿ ಹೊಲಿಸಿದ್ದ ಅರವತ್ತು ಕೋಟುಗಳನ್ನು ಕತ್ತರಿಸಿ ಹಾಕಿದ್ದಾರೆ ಎಂದು ದೂರು. ಕೋಟುಗಳನ್ನು ಅಂದೇ ಸಂಜೆ ಒಪ್ಪಿಸಬೇಕಿತ್ತು. ಒಪ್ಪಿಸಿದ್ದರೆ ಆಸ್ಪತ್ರೆಯ ಮೂರು ವರ್ಷದ ಹೊಲಿಗೆ ಕೆಲಸ ಹೆಂಡತಿಯ ಹೆಸರಿಗೆ ಸಿಗುತ್ತಿತ್ತು. ಈ ಮಾತನ್ನು ಗಂಡ ತಾನಾಗಿ ಹೇಳಲಿಲ್ಲ, ಇನ್‌ಸ್ಪೆಕ್ಟರ್ ಕೆದಕಿ ಕೆದಕಿ ಹೊರಡಿಸಿದರು. ಉಳಿದದ್ದೆಲ್ಲ ಅವನೇ ಹೇಳಿದ. ಹೆಂಡತಿ ಬಾಯಿ ತೆರೆದಾಗಲೆಲ್ಲ, ಅವಳಿಗೇನು ಗೊತ್ತು ಬಿಡಿ ಸಾರ್ ಎಂದು ನಡುವೆ ಬಾಯಿ ಹಾಕಿದ. ಅನುಮಾನ ಎದುರು ಸಾಲಿನ ಟೈಲರ್ ಮೇಲಂತೆ, ಅವನಿಗೆ ಹೊಟ್ಟೆಕಿಚ್ಚಂತೆ.

10.15ಕ್ಕೆ FIR ಆಯಿತು. 10.50ಕ್ಕೆ ಇಬ್ಬರು ಪಂಚರನ್ನು ಕರೆಸಿ ಅಂಗಡಿಯಲ್ಲಿ ಪಂಚನಾಮೆ ಶುರು ಮಾಡಿದರು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಎಂಥ ಧಾರಾಳಿ ಕಳ್ಳ! ನೆಲದ ಮೇಲೆ ಬಿಳಿ ಬಟ್ಟೆಯ ಚೂರು ಮೊಣಕಾಲೆತ್ತರ ಬಿದ್ದಿತ್ತು. ಅದರ ನಡುವೆ ಅಳತೆ ಪುಸ್ತಕವನ್ನೂ ಕತ್ತರಿಸಿ ಪುಡಿ ಮಾಡಿದ್ದರು. ಹೆಡ್ ಕಾನ್‌ಸ್ಟೆಬಲ್, ಅಂದರೆ ಠಾಣೆಯವರೆಲ್ಲರ ದಫೇದಾರಮ್ಮ, ಮೇಜಿನ ಮೇಲಿದ್ದ ಎರಡು ಕತ್ತರಿಗಳನ್ನು ನೋಡುತ್ತ ನಿಂತುಬಿಟ್ಟರು. ದೊಡ್ಡ ಕತ್ತರಿಗೆ ಬರೀ ಬಿಳಿ ನೂಲು ಅಂಟಿತ್ತು. ಚಿಕ್ಕದಕ್ಕೆ ಬರೀ ಕಾಗದದ ಚೂರು.

"ಸಾರ್, ನಮ್ಮಮ್ಮ ಹೊಲೀತಿದ್ರು. ಬಟ್ಟೆ ಕತ್ತರೀಲಿ ಕಾಗದ ಕತ್ತರಿಸಿದ್ರೆ ನಮ್ಮ ಬೆನ್ನು ಮುರೀತಿದ್ರು. ಕಾಗದ ಮುಟ್ಟಿದ್ರೆ ಅದರ ಹರಿತ ಹೋಗುತ್ತೆ," ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು.

ಹಾಳು ಮಾಡಲಿಕ್ಕೆಂದೇ ಬಂದವನು ಕಾಗದಕ್ಕೆ ಬೇರೆ, ಬಟ್ಟೆಗೆ ಬೇರೆ ಕತ್ತರಿ ಹುಡುಕುತ್ತಾನೆಯೇ? ಟೈಲರ್ ಆದರೆ ಹುಡುಕುತ್ತಾನೆ, ಕೋಪ ನೆತ್ತಿಗೇರಿದ್ದರೂ ಹುಡುಕುತ್ತಾನೆ. ಗಂಡನಿಗೆ ಇದು ಕೇಳಿಸಿ ಮುಖ ಅರಳಿತು. ನಾನು ಹೇಳಲಿಲ್ಲವೇ ಎಂದು ಎದುರು ಸಾಲಿನ ಕಡೆ ಕೈ ತೋರಿಸಿದ.

ಎದುರು ಸಾಲಿನ ಟೈಲರ್ ಶನಿವಾರವೇ ಊರಿಗೆ ಹೋಗಿ ಅಂದು ಬೆಳಿಗ್ಗೆಯಷ್ಟೇ ಮರಳಿದ್ದ. ಬಸ್ ಟಿಕೆಟ್ ಜೇಬಿನಲ್ಲೇ ಇತ್ತು. ಆ ಹೆಂಗಸಿನ ಹೊಲಿಗೆ ನೋಡಿ ತನಗೂ ಹೊಟ್ಟೆ ಉರಿದದ್ದುಂಟು, ಆದರೆ ಹೊಲಿದ ಬಟ್ಟೆಗೆ ಕತ್ತರಿ ಹಾಕಲು ತನ್ನ ಕೈ ಏಳುವುದಿಲ್ಲ ಎಂದ.

12.30ಕ್ಕೆ ದಫೇದಾರಮ್ಮ ಹೆಂಡತಿಯನ್ನು ಠಾಣೆಯ ಬೇರೆ ಕೋಣೆಯಲ್ಲಿ ಕೂರಿಸಿದರು. ಗಂಡ ಬಾಗಿಲವರೆಗೂ ಬಂದ. ಬಾಗಿಲು ಹಾಕಿಕೊಂಡರು.

"ದುಡಿದಿದ್ದೆಲ್ಲ ಯಾರ ಹತ್ರ ಇರುತ್ತೆ?"

"ಅವರ ಹತ್ರ. ಕಾರ್ಡು, ಪಾಸ್‌ಬುಕ್ಕು, ಎಲ್ಲಾ."

"ನಿಮಗೆ ಬೇಕಾದ್ರೆ?"

"ಕೇಳ್ಬೇಕು. ಚಪ್ಪಲಿ ಕಿತ್ತೋದ್ರೂ ಕೇಳ್ಬೇಕು. ಯಾರಿಗೆ ತೋರ್ಸೋಕೆ ಹೊಸ ಚಪ್ಪಲಿ ಅಂತಾರೆ."

ಆಸ್ಪತ್ರೆಯವರು ಹಣವನ್ನು ಅವಳ ಖಾತೆಗೇ ಹಾಕುತ್ತೇವೆ ಎಂದದ್ದರಿಂದ ಮೂರು ವಾರದ ಹಿಂದೆ ಸ್ವಂತ ಖಾತೆ ತೆರೆದಿದ್ದಳು, ಮದುವೆಯಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ. ಅಂದಿನಿಂದ ಗಂಡ ಅವಳೊಡನೆ ಮಾತು ಬಿಟ್ಟಿದ್ದ. ಭಾನುವಾರ ಮಧ್ಯಾಹ್ನ ಅವನೆಲ್ಲಿದ್ದ ಎಂದು ದಫೇದಾರಮ್ಮ ಕೇಳಿದರು. ಕ್ಷೌರಕ್ಕೆಂದು ಹೋದವರು ಹೋದ ಹಾಗೇ ಬಂದರು ಎಂದಳು.

ಅಂಗಡಿಯ ಪಕ್ಕದ ಟೀ ಅಂಗಡಿಯವನು ಗಂಡನನ್ನು ಭಾನುವಾರ ಮೂರು ಗಂಟೆಗೆ ನೋಡಿದ್ದ. ಬೀಗದ ಕೈಯಿಂದಲೇ ತೆಗೆದು ಒಳಗೆ ಹೋದನಂತೆ. ಮೊದಲೇ ಏಕೆ ಹೇಳಲಿಲ್ಲ ಎಂದದ್ದಕ್ಕೆ, ಅವನ ಅಂಗಡಿಗೆ ಅವನು ಹೋದರೆ ಪೊಲೀಸರಿಗೆ ಹೇಳಬೇಕೇ ಸ್ವಾಮಿ ಎಂದು ತಿರುಗಿ ಕೇಳಿದ. ಅವನ ಮಾತೂ ಸರಿಯೇ.

ಸಂಜೆ 4.20ಕ್ಕೆ ಗಂಡನನ್ನು ಬಂಧಿಸಿದರು. ಅಂಗಡಿ ನಂದು, ಹೆಂಡತಿ ನನ್ನವಳು ಎಂದು ಮೊದಲು ಕೂಗಾಡಿದ. ಬಟ್ಟೆ ಆಸ್ಪತ್ರೆಯದು, ದುಡಿಮೆ ಅವಳದು ಎಂದು ಇನ್‌ಸ್ಪೆಕ್ಟರ್ ಹೇಳಿದ ಮೇಲೆ, ಹೊರಡುವಾಗ ಬೀಗ ಒಡೆದದ್ದೂ ತಾನೇ ಎಂದು ಒಪ್ಪಿದ. ಹೆಂಡತಿಗೆ ಕೊಟ್ಟ ಹಿಂಸೆಯ ಕಲಮನ್ನೂ ಸೇರಿಸಿದರು. ಅಷ್ಟರಲ್ಲಿ ಪಂಚನಾಮೆಯ ಪ್ರತಿ ನೋಡಿದ ಆಸ್ಪತ್ರೆಯವರು ಹೊಸ ಬಟ್ಟೆ ಕೊಟ್ಟು ಹತ್ತು ದಿನದ ಗಡುವು ಕೊಟ್ಟಿದ್ದರು. ಅಂಗಡಿ ಪೊಲೀಸರ ವಶದಲ್ಲಿದ್ದುದರಿಂದ ಎದುರು ಸಾಲಿನ ಟೈಲರ್ ತನ್ನ ಒಂದು ಮಷೀನನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ಆಗಲೇ ಹೊಲಿಯಲು ಕೂತಿದ್ದಾಳೆ ಎಂದು ದಫೇದಾರಮ್ಮ ಬಂದು ಹೇಳಿದಾಗ ಗಂಡನ ಮುಖ ಕಪ್ಪಿಟ್ಟಿತು.

"ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸ್ದೋನು ನಾನು ಸಾರ್," ಎಂದ. "ಮೊನ್ನೆ ಒಬ್ರು ಅಂಗಿ ತಂದ್ರು. ನಾನು ಕೈ ಚಾಚಿದೆ, ಕೊಡ್ಲಿಲ್ಲ. ಅಮ್ಮಾವ್ರು ಇದ್ದಾಗ ಬರ್ತೀನಿ ಅಂದ್ರು. ನನ್ನ ಅಂಗಡೀಲೇ ಸಾರ್."

ಅವಳ ದುಡ್ಡನ್ನು ಏನು ಮಾಡುತ್ತಿದ್ದೆ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಏನೂ ಮಾಡಿಲ್ಲ, ಪೂರ್ತಿ ಬ್ಯಾಂಕಿನಲ್ಲೇ ಇದೆ ಎಂದ.

"ಮತ್ತೆ ಯಾಕೆ ಇಟ್ಕೊಂಡೆ?"

ಅವನು ತಲೆ ತಗ್ಗಿಸಿದ. "ಅವಳು ಬಂದು ಕೇಳ್ತಿದ್ಳಲ್ಲ ಸಾರ್. ಹಾಗೆ ಕೇಳುವಾಗ ಮಾತ್ರ ನಾನು ದೊಡ್ಡೋನು ಅನ್ನಿಸ್ತಿತ್ತು."

ಇನ್‌ಸ್ಪೆಕ್ಟರ್ ಅದನ್ನು ಅವನ ಮಾತಿನಲ್ಲೇ ಬರೆಸಿ, ಓದಿ ಹೇಳಿದರು.